ಆರು ತೂತಿನ ಸ್ಟೆಪ್ನಿ

ಸ್ಟೆಪ್ನಿ ಅಂದರೆ ಊರಲ್ಲಿ ಮುಸಿಮುಸಿ ನಗುತ್ತಾರೆ,
ಆ ಪದಕ್ಕೆ ಅಲ್ಲಿ ಬೇರೆಯೇ ಸಂಸಾರವಿದೆ.
ಇಲ್ಲಿ, ಆದಮ್ ದಾಟಿದ ಮೇಲೆ,
ಯಾರೂ ನಗುವುದಿಲ್ಲ.
ನಗಲು ಯಾರೂ ಇರುವುದೂ ಇಲ್ಲ.

ಗಾಡಿ ಒಪ್ಪಿಸಿದ ದಿನ ಬಾವುಂಞಿ ಬ್ಯಾರಿಯವರು
ಕೀಲಿಗಿಂತ ಮೊದಲು ಕೈಗಿಟ್ಟದ್ದು
ಎರಡು ಮೊಳದ ಕಬ್ಬಿಣದ ಸರಳು.
‘ಬಗ್ಗು ಮಾರಾಯ, ಅಡಿಯಲ್ಲಿ ನೋಡು.’
ಬಗ್ಗಿದೆ. ಹಿಲಕ್ಸಿನ ಅಡಿಯಲ್ಲಿ,
ತಾಯ ಹೊಟ್ಟೆ ತಬ್ಬಿದ ಕೋತಿಮರಿಯ ಹಾಗೆ
ಒಂದು ಚಕ್ರ.
‘ಶುಕ್ರವಾರ ಜುಮಾಕ್ಕೆ ಮೊದಲು ಇದನ್ನು ಇಳಿಸಬೇಕು.
ಗಾಳಿ ನೋಡು, ಸರಪಳಿಗೆ ಎಣ್ಣೆ ಬಿಡು.
ನಿನಗೆ ಜುಮಾ ಇಲ್ಲ, ಗೊತ್ತು.
ಹೊತ್ತು ಮಾತ್ರ ಅದೇ ಇರಲಿ.’

ಅವರು ಉಪ್ಪಿನಂಗಡಿಗೆ ಹೋಗಿ ನಾಲ್ಕು ವರ್ಷ.
ಹೊತ್ತು ಅದೇ ಇದೆ.

ಸರಳು ತಿರುಗಿಸುತ್ತೇನೆ, ಮರಳು ಕಡಿಯುತ್ತಾ ಸರಪಳಿ ಇಳಿಯುತ್ತದೆ.
ನೆಲಕ್ಕೆ ಬಿದ್ದ ಚಕ್ರಕ್ಕೆ ಸ್ಪ್ಯಾನರಿನಿಂದ ಎರಡೇಟು,
ಹಲಸಿನ ಹಣ್ಣು ಕೊಳ್ಳುವವನ ಹಾಗೆ ಕಿವಿಗೊಟ್ಟು.
ಪಕ್ಕದ ಕೋಣೆಯ ಶಿಹಾಬುಲ್ ಕೇಳುತ್ತಾನೆ,
ಓಡದ ಟಯರಿಗೆ ಏನಾಗುತ್ತದೆ ಭಾಯ್?
ಏನಾಗುತ್ತದೆ. ವಯಸ್ಸಾಗುತ್ತದೆ.
ಪಕ್ಕೆಯಲ್ಲಿ ನಾಲ್ಕಂಕಿಯ ಜಾತಕ ಕೆತ್ತಿದ್ದಾರೆ,
ಯಾವ ವಾರ ಹುಟ್ಟಿತು, ಯಾವ ವರ್ಷ.
ರಸ್ತೆ ಮುಟ್ಟದಿದ್ದರೂ ಈ ಕಾವು ರಬ್ಬರನ್ನು ಬಿಡುವುದಿಲ್ಲ.
ಉಗುರಿನಲ್ಲಿ ಕೆರೆದು ನೋಡುತ್ತೇನೆ:
ಬಿರುಕಿಲ್ಲ. ಈ ವಾರ ಇಲ್ಲ.

ಆ ದಿನ ಬೆಳಗಿನ ಜಾವ ಮೂರೂವರೆ,
ಹಿಂದೆ ಚಿಲ್ಲರ್ ತುಂಬ ಮೊಟ್ಟೆ, ಮುಂದೆ ಹೈಮಾ.
ಘಾಬಾ ದಾಟಿ ಬಹಳ ಹೊತ್ತಾಗಿತ್ತು,
ಬಲಪಕ್ಕದಲ್ಲಿ ಹಳದಿ ಬೆಳಕು ಮಿಣಮಿಣ.
ಜಾಕಿಯ ಮೇಲೆ ವಾರೆಯಾಗಿ ನಿಂತ ಕ್ಯಾಮ್ರಿ,
ಕೆಳಗಿಳಿದು ನಿಂತ ಸಂಸಾರ.
ಡಿಕ್ಕಿಯಲ್ಲಿ, ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ
ಖರ್ಜೂರದ ಡಬ್ಬ, ಒಂಟಿ ಚಪ್ಪಲಿ,
ಗಾಳಿ ಸರಿಯಾಗಿಯೇ ತುಂಬಿದ ಒಂದು ಫುಟ್‌ಬಾಲ್.

ತಡಿ ಎಂದೆ. ಸರಳು ತಿರುಗಿಸಿದೆ.
ನಾಲ್ಕು ವರ್ಷದ ಶುಕ್ರವಾರಗಳನ್ನೆಲ್ಲ ಉರುಳಿಸಿಕೊಂಡು
ಮದುಮಗನ ಹಾಗೆ ಹೋದೆ.
ಹುಡುಗ ಮುಹನ್ನದ್ ಟಾರ್ಚು ಹಿಡಿದು
ಗಾಡಿಯ ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ಎಣಿಸಿದ,
ವಾಹಿದ್, ಇತ್ನೇನ್, ತಲಾತ, ಅರ್ಬಾ, ಖಮ್ಸ.
ನನ್ನದರಲ್ಲಿ ಆರು ತೂತು.
ಜಾತಕ ಕೂಡಲಿಲ್ಲ.

ಮೊಳೆ ಕಚ್ಚಿದ ಅವರ ಚಕ್ರವನ್ನೂ ಅಪ್ಪನನ್ನೂ ಹತ್ತಿಸಿಕೊಂಡು
ಘಾಬಾಕ್ಕೇ ಹಿಂದಿರುಗುವುದು, ಬೇರೆ ದಾರಿಯಿಲ್ಲ.
ನನ್ನ ಸ್ಟೆಪ್ನಿ ಎತ್ತಿಕೊಳ್ಳಲು ತಿರುಗಿದರೆ
ಅಜ್ಜಿ ಅದರ ಮೇಲೆ ಕೂತುಬಿಟ್ಟಿದ್ದಳು.
ಮಂಡಿ ಎರಡನ್ನೂ ಉಜ್ಜಿಕೊಳ್ಳುತ್ತಾ,
ಅಬಾಯವನ್ನು ಸುತ್ತ ಹರಡಿಕೊಂಡು,
ತನಗೆಂದೇ ತಂದಿಟ್ಟ ಮಣೆ ಅದು ಎಂಬಂತೆ.

ಏಳಿ ಅನ್ನುವುದಕ್ಕೆ ನನಗೆ ಅರಬ್ಬಿ ಬರುತ್ತದೆ.
ಅನ್ನಲಿಲ್ಲ.

ನಲವತ್ತು ಕಿಲೋಮೀಟರು, ಮತ್ತೆ ನಲವತ್ತು,
ಹೊಟ್ಟೆಯಡಿ ಖಾಲಿ ಗಾಡಿ ಓಡಿಸಿದ್ದು ಅದೇ ಮೊದಲು.
ಪ್ರತಿ ಕಲ್ಲಿನ ಸದ್ದೂ ಹಲ್ಲಿನಲ್ಲಿ ಕೇಳಿಸಿತು.
ಪಕ್ಕದಲ್ಲಿದ್ದವನು ಮಳೆಯ ಮಾತು ಆಡುತ್ತಿದ್ದ,
ಹೋದ ವರ್ಷ ಬಂದಿತ್ತಂತೆ, ಒಂದು ಸಂಜೆ.
ನಾನು ಹೌದು ಹೌದು ಎನ್ನುತ್ತಾ
ಬಾವುಂಞಿಯವರು ನೋಡಿದರೆ ಏನನ್ನುತ್ತಿದ್ದರು ಎಂದು
ನಾಲ್ಕು ಚಕ್ರಗಳ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೆ.

ಮರಳುವಾಗ ಬೆಳಕು ಹರಿದಿತ್ತು.
ಅಜ್ಜಿ ಅಲ್ಲೇ. ಹುಡುಗ ಟಯರಿಗೆ ಬೆನ್ನು ಕೊಟ್ಟು ನಿದ್ದೆ.
ಫ್ಲಾಸ್ಕಿನ ಕಾವಾ ಮೂರು ಸಲ ಬಗ್ಗಿಸಿದಳು,
ಲೋಟ ಅಲ್ಲಾಡಿಸಿ ಸಾಕೆಂದ ಮೇಲೆ ನಿಲ್ಲಿಸಿದಳು.
ಏಳುವಾಗ, ಹಾಲು ಕೊಟ್ಟ ಆಡಿನ ಬೆನ್ನು ತಟ್ಟಿದ ಹಾಗೆ
ರಬ್ಬರನ್ನು ತಟ್ಟಿ, ‘ಜೈನ್’ ಅಂದಳು.
ನನಗಲ್ಲ, ಅದಕ್ಕೆ.

ಹನ್ನೊಂದು ಟ್ರೇ ಒಡೆದಿತ್ತು. ಸಂಬಳದಲ್ಲಿ ಹಿಡಿದರು.

ಶುಕ್ರವಾರ ಇಳಿಸಿ ನೋಡಿದೆ.
ಗಾಳಿ ಒಂದು ಪೌಂಡೂ ಇಳಿದಿಲ್ಲ.
ಒಂದು ತೂತಿನಲ್ಲಿ ಸಿಕ್ಕಿಕೊಂಡಿತ್ತು ಖರ್ಜೂರದ ಬೀಜ,
ಬೆರಳಿನಿಂದ ನೂಕಿ ತೆಗೆದು ಜೇಬಿಗೆ ಹಾಕಿಕೊಂಡೆ, ಯಾಕೋ.
ಕೊನೆಗೂ ಉಪಯೋಗಕ್ಕೆ ಬಂತಾ ಭಾಯ್? ಶಿಹಾಬುಲ್ ಕೇಳಿದ.
ಎಲ್ಲಿ, ಇನ್ನೂ ಓಡಿಲ್ಲ ಎಂದೆ,
ಸರಪಳಿಗೆ ಎಣ್ಣೆ ಬಿಟ್ಟೆ.